ತಾಮ್ರದ ಪೆಟ್ಟಿಗೆಯೂ ದೇಶಕಾಲದ ಗುಳ್ಳೆಯೂ

ದೇಶಕಾಲವನ್ನೇ ಬಾಗಿಸಿ ನೌಕೆಯನ್ನು ಸಾಗಿಸುವ ವಾರ್ಪ್ ಡ್ರೈವ್ ಮತ್ತು ಹೊರಗೆ ಏನನ್ನೂ ಉಗುಳದೆ ಮೈಕ್ರೋವೇವ್‌ನಿಂದ ನೂಕುಬಲ ಪಡೆಯುತ್ತದೆನ್ನುವ ಎಂಡ್ರೈವ್ ಎಂಬ ಎಂಜಿನ್ ಕಲ್ಪನೆಗಳು ಸುದ್ದಿಗಳಲ್ಲಿ ಎಷ್ಟು ಬೆರೆತುಹೋಗಿವೆಯೆಂದರೆ, ಒಂದು ಸುಳ್ಳಾದರೆ ಇನ್ನೊಂದೂ ಸುಳ್ಳೆಂದು ಓದುಗರು ತಿಳಿಯುತ್ತಾರೆ. ಎರಡಕ್ಕೂ ಸಾಪೇಕ್ಷತಾ ಸಿದ್ಧಾಂತದ ಹೆಸರು ಅಂಟಿಕೊಂಡಿದೆ. ಹ್ಯೂಸ್ಟನ್‌ನಲ್ಲಿರುವ ನಾಸಾದ ಪುಟ್ಟ ಪ್ರಯೋಗಾಲಯವೊಂದು ಎರಡರ ಮೇಲೂ ಕೆಲಸ ಮಾಡಿದ್ದರಿಂದ ಗೊಂದಲ ಇನ್ನಷ್ಟು ಗಟ್ಟಿಯಾಯಿತು.

ದೇಶಕಾಲ, ಅಂದರೆ ಸ್ಥಳ ಮತ್ತು ಕಾಲ ಸೇರಿದ ಹೆಣಿಗೆ, ಬಾಗುತ್ತದೆ ಎಂದು ಐನ್‌ಸ್ಟೈನ್ 1915ರಲ್ಲಿ ತೋರಿಸಿದರು. 1994ರಲ್ಲಿ ಮೆಕ್ಸಿಕೋದ ಭೌತವಿಜ್ಞಾನಿ ಮಿಗೆಲ್ ಅಲ್ಕುಬಿಯೆರ್ರೆ ಆ ಬಾಗನ್ನೇ ಲೆಕ್ಕದಲ್ಲಿ ವಾಹನವಾಗಿಸಿದರು. ಮುಂದೆ ದೇಶಕಾಲ ಕುಗ್ಗಬೇಕು, ಹಿಂದೆ ಹಿಗ್ಗಬೇಕು. ನಡುವಿನ ಗುಳ್ಳೆ ನೌಕೆಯನ್ನು ಹೊತ್ತು ಸಾಗುತ್ತದೆ. ಗಣಿತ ಸರಿಯಾಗಿದೆ. ಆದರೆ ಅದಕ್ಕೆ ಋಣಶಕ್ತಿ, ಅಂದರೆ ಶೂನ್ಯಕ್ಕಿಂತ ಕಡಿಮೆಯ ಶಕ್ತಿ, ಬೇಕು. 1997ರ ಲೆಕ್ಕದಲ್ಲಿ ಅದರ ಪ್ರಮಾಣ, ದ್ರವ್ಯರಾಶಿಯ ಲೆಕ್ಕಕ್ಕೆ ತಂದರೆ, ಕಾಣುವ ವಿಶ್ವದ ಒಟ್ಟು ದ್ರವ್ಯರಾಶಿಯನ್ನೂ ಮೀರಿತ್ತು, 1999ರಲ್ಲಿ ಕೆಲವು ಸೂರ್ಯರಷ್ಟಕ್ಕೆ ಇಳಿಯಿತು.

ಎಂಡ್ರೈವ್ ಬೇರೆಯೇ ಜಾತಿ. ಬ್ರಿಟನ್ನಿನ ಎಂಜಿನಿಯರ್ ರೋಜರ್ ಶಾಯರ್ ಮುಂದಿಟ್ಟದ್ದು ಮೊನೆ ಕತ್ತರಿಸಿದ ಶಂಕುವಿನಂಥ ತಾಮ್ರದ ಪೆಟ್ಟಿಗೆ. ಒಳಗೆ ಮೈಕ್ರೋವೇವ್ ತುಂಬಿದರೆ ಎರಡು ತುದಿಗಳ ಒತ್ತಡದ ವ್ಯತ್ಯಾಸವೇ ಪೆಟ್ಟಿಗೆಯನ್ನು ನೂಕುತ್ತದೆ, ವಿಶೇಷ ಸಾಪೇಕ್ಷತೆ ಇದಕ್ಕೆ ಆಧಾರ ಎಂಬುದು ಅವರ ವಾದ. ಹೊರಗೆ ಏನನ್ನೂ ಉಗುಳದೆ ಮುಂದೆ ಹೋಗುವುದೆಂದರೆ, ಕುಳಿತ ಬುಟ್ಟಿಯನ್ನು ತಾನೇ ಎತ್ತಿಕೊಂಡ ಹಾಗೆ. ಒಂದು ಮುಂದೆ ಸಾಗಬೇಕಾದರೆ ಇನ್ನೊಂದು ಹಿಂದೆ ಸರಿಯಬೇಕೆನ್ನುವ ಸಂವೇಗ ಸಂರಕ್ಷಣೆಯ ನಿಯಮ ಅದನ್ನು ಒಪ್ಪುವುದಿಲ್ಲ. ಆದರೂ 2016ರಲ್ಲಿ ಹ್ಯೂಸ್ಟನ್ ತಂಡ ಕಿಲೋವಾಟ್‌ಗೆ 1.2 ಮಿಲಿನ್ಯೂಟನ್ ನೂಕುಬಲ ಸಿಕ್ಕಿತೆಂದು ಪ್ರಕಟಿಸಿತು. ಐದಾರು ಅಕ್ಕಿಕಾಳುಗಳ ಭಾರದಷ್ಟು ಬಲವದು.

ಇಷ್ಟು ಸಣ್ಣ ಬಲವನ್ನು ನಂಬುವುದು ಹೇಗೆ? ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ತಾಯ್ಮಾರ್ ಅವರ ತಂಡ ನಿರ್ವಾತ ಕೋಣೆಯೊಳಗೆ ಅತಿಸೂಕ್ಷ್ಮ ತಕ್ಕಡಿ ಕಟ್ಟಿತು. ಪೆಟ್ಟಿಗೆಯನ್ನು ಒಂದು ದಿಕ್ಕಿಗೆ ಇಟ್ಟು ಅಳೆದರು, ಬಲ ಕಂಡಿತು. ಬಲ ತೋರಲೇಬಾರದ ಅಡ್ಡ ದಿಕ್ಕಿಗೆ ತಿರುಗಿಸಿದರು, ಆಗಲೂ ಕಂಡಿತು. ಕೊನೆಗೆ ಮೈಕ್ರೋವೇವ್ ಪೆಟ್ಟಿಗೆಯನ್ನು ಹೆಚ್ಚುಕಡಿಮೆ ತಲುಪದಂತೆ ತಡೆದರು. ಮುಳ್ಳು ಮತ್ತೆ ಅಷ್ಟೇ ಸರಿಯಿತು. ನೂಕುತ್ತಿದ್ದದ್ದು ಪೆಟ್ಟಿಗೆಯಲ್ಲ. ವಿದ್ಯುತ್ ಹರಿಯುವ ತಂತಿಯ ಮೇಲೆ ಭೂಮಿಯ ಕಾಂತಕ್ಷೇತ್ರ ಕೈಯಾಡಿಸುತ್ತಿತ್ತೆಂಬ ಸುಳಿವು 2018ರಲ್ಲಿ ಸಿಕ್ಕಿತು. 2021ರಲ್ಲಿ ಇನ್ನೊಂದು ಗಂಟು ಬಿಚ್ಚಿತು: ಬಿಸಿಯಾದ ಪೆಟ್ಟಿಗೆ ಹಿಗ್ಗಿ ತೂಕದ ಸಮತೋಲ ಸರಿಯುತ್ತಿತ್ತು. ತೂಗುಹಾಕುವ ರೀತಿಯನ್ನು ಬದಲಿಸಿದ ಕೂಡಲೇ ಬಲ ಮಾಯವಾಯಿತು. ಮೂರು ವರ್ಷಗಳ ಈ ತಾಳ್ಮೆಗೆ 2016ರ ಅಂಕಿಗೆ ಸಿಕ್ಕಷ್ಟೇ ದೊಡ್ಡ ಶೀರ್ಷಿಕೆ ಸಿಗಬೇಕಿತ್ತು.

ವಾರ್ಪ್ ಗುಳ್ಳೆ ಈ ತಕ್ಕಡಿಗೆ ಏರಿದ್ದೇ ಇಲ್ಲ, ಹಾಗಾಗಿ ಅದನ್ನು ಪೆಟ್ಟಿಗೆಯ ಜೊತೆ ಕಟ್ಟಿ ಎಸೆಯುವುದು ನ್ಯಾಯವಲ್ಲ. 2024ರಲ್ಲಿ ಪ್ರಕಟವಾದ ಮಾದರಿಯೊಂದರಲ್ಲಿ ಋಣಶಕ್ತಿಯ ಅಗತ್ಯವೇ ಇಲ್ಲ. ಆದರೆ ಸುಮಾರು ನಲವತ್ತು ಮೀಟರ್ ಅಗಲದ ಚಿಪ್ಪಿನೊಳಗೆ ಎರಡು ಗುರುಗ್ರಹಗಳಿಗಿಂತ ಹೆಚ್ಚು ದ್ರವ್ಯವನ್ನು ಅಡಕಬೇಕು, ವೇಗವೂ ಬೆಳಕಿಗಿಂತ ಕಡಿಮೆ. ನಿಂತಿರುವ ಚಿಪ್ಪನ್ನು ಆ ವೇಗಕ್ಕೆ ತರುವುದು ಹೇಗೆಂಬುದನ್ನು ಆ ಲೆಕ್ಕ ಹೇಳುವುದಿಲ್ಲ.