ಪಿ0532: ‘ಲೋ’ ಅಂದರೆ ಗ್ಯಾಸ್ ಕಡಿಮೆ ಅಂತಲ್ಲ

ಚಿಕ್ಕಪ್ಪನ ಕಾರಿನ ಏಸಿ ಕೈಕೊಟ್ಟಿತ್ತು. ಬ್ಲೋವರ್ ಜೋರಾಗಿಯೇ ತಿರುಗುತ್ತದೆ, ಬರುವುದು ಮಾತ್ರ ಬಿಸಿ ಗಾಳಿ. ಸ್ವಿಚ್ ಒತ್ತಿದರೆ ಕಂಪ್ರೆಸರನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ಚಿನ ‘ಟಕ್’ ಸದ್ದೇ ಇಲ್ಲ. ಸ್ಕ್ಯಾನರ್ (ಕಾರಿನ ದೋಷದ ಕೋಡ್ ಓದುವ ಸಾಧನ) ಹಾಕಿದರೆ ಪಿ0532: ಏಸಿ ರೆಫ್ರಿಜರೆಂಟ್ ಪ್ರೆಶರ್ ಸೆನ್ಸರ್ ಸರ್ಕ್ಯೂಟ್ ಲೋ. ‘ಲೋ’ ಕಂಡ ಕೂಡಲೇ ಗ್ಯಾಸ್ ಮುಗಿದಿದೆ ಅಂದುಕೊಂಡೆ. ಗ್ಯಾಸ್ ತುಂಬಿಸಿದ್ದಾಯಿತು, ದುಡ್ಡು ಹೋಯಿತು, ಕೋಡ್ ಅಲ್ಲೇ ಇತ್ತು.

ಆ ಸಾಲಿನಲ್ಲಿ ನಾನು ಓದದೇ ಬಿಟ್ಟ ಪದ ‘ಸರ್ಕ್ಯೂಟ್’. ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಗ್ಯಾಸ್ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದು ವೈರಿನ ಮೇಲಿನ ವೋಲ್ಟೇಜ್ ಅಷ್ಟೇ. ಸೆನ್ಸರ್‌ಗೆ ಮೂರು ವೈರ್: 5 ವೋಲ್ಟ್, ಗ್ರೌಂಡ್, ಸಿಗ್ನಲ್. ಒತ್ತಡ ಏರಿದ ಹಾಗೆ ಸಿಗ್ನಲ್ ಸಾಮಾನ್ಯವಾಗಿ 0.5ರಿಂದ 4.5 ವೋಲ್ಟ್ ನಡುವೆ ಏರುತ್ತದೆ. ಅದಕ್ಕಿಂತ ಕೆಳಗಿಳಿದರೆ 0532, ಮೇಲೆ ಹೋದರೆ 0533. ಎರಡರಲ್ಲೂ ಇಸಿಯು ಕ್ಲಚ್ ಹಾಕಲು ಬಿಡುವುದಿಲ್ಲ.

ಒಂದು ತಮಾಷೆ: ಗ್ರೌಂಡ್ ವೈರ್ ಕಡಿದರೆ ಸಾಮಾನ್ಯವಾಗಿ ಬರುವುದು 0533. ಕೆಳಕ್ಕೆ ಎಳೆಯುವ ದಾರಿ ಹೋಯಿತು, ಸಿಗ್ನಲ್ 5 ವೋಲ್ಟ್ ಕಡೆಗೆ ತೇಲಿತು, ಅಷ್ಟೇ. ಇದು ತಲೆಗೆ ಹೋಗಲು ನನಗೆ ಎರಡು ದಿನ ಬೇಕಾಯಿತು.

ಕೆಲವು ಕಾರುಗಳಲ್ಲಿ ಗ್ಯಾಸ್ ಪೂರ್ತಿ ಖಾಲಿಯಾದರೂ 0532 ಬೀಳಬಹುದು. ಅದಕ್ಕೆ ನನ್ನ ಇಷ್ಟದ ಉಪಾಯ: ರಾತ್ರಿಯೆಲ್ಲ ನಿಂತ ಕಾರಿಗೆ ಬೆಳಿಗ್ಗೆ ಎಂಜಿನ್ ಹಚ್ಚದೆ ಏಸಿಯ ಒತ್ತಡ ಅಳೆಯುವ ಗೇಜ್ ಹಾಕಿ. ಹೈ ಸೈಡ್, ಲೋ ಸೈಡ್ ಎರಡೂ ಕಡೆ ಒತ್ತಡ ಒಂದೇ ಇರುತ್ತದೆ. ಆರ್134ಎ ಗ್ಯಾಸ್ ಆದರೆ 30 ಡಿಗ್ರಿಯಲ್ಲಿ ಸುಮಾರು 97 ಪಿಎಸ್‌ಐ. ಇದರಿಂದ ಗ್ಯಾಸ್ ಎಷ್ಟಿದೆ ಅಂತ ಗೊತ್ತಾಗುವುದಿಲ್ಲ, ಖಾಲಿ ಆಗಿಲ್ಲ ಅಂತ ಮಾತ್ರ ಗೊತ್ತಾಗುತ್ತದೆ. ಈಗ ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಒತ್ತಡ ಎಷ್ಟು ಅಂತ ನೋಡಿ. ಗೇಜೂ ಸ್ಕ್ಯಾನರೂ ಹೆಚ್ಚುಕಡಿಮೆ ಒಂದೇ ಹೇಳಬೇಕು, ಅಲ್ವಾ? ನನಗೆ ಗೇಜ್‌ನಲ್ಲಿ ತೊಂಬತ್ತರ ಮೇಲೆ, ಸ್ಕ್ಯಾನರ್‌ನಲ್ಲಿ ಸೊನ್ನೆ. ಮೊದಲೇ ಇದನ್ನು ಮಾಡಿದ್ದರೆ ಗ್ಯಾಸಿನ ದುಡ್ಡು ಉಳಿಯುತ್ತಿತ್ತು.

ನಾನು ನಿಜವಾಗಿ ಎಡವಿದ್ದು ಇದರ ಮುಂದೆ. ಸೆನ್ಸರ್‌ನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟೆ. 5 ವೋಲ್ಟ್ ಇದೆ, ಗ್ರೌಂಡ್ ಇದೆ. 5 ವೋಲ್ಟ್ ವೈರನ್ನೂ ಸಿಗ್ನಲ್ ವೈರನ್ನೂ ಸಣ್ಣ ತಂತಿಯಿಂದ ಜೋಡಿಸಿದೆ. (ಬ್ಯಾಟರಿಯ 12 ವೋಲ್ಟ್ ಅಲ್ಲ, ಹುಷಾರು.) ಸ್ಕ್ಯಾನರ್‌ನಲ್ಲಿ ಒತ್ತಡ ತುದಿಗೆ ಹಾರಿತು. ವೈರ್ ಸರಿ, ಇಸಿಯು ಸರಿ, ಹಾಗಾದರೆ ಸೆನ್ಸರೇ ಹೋಗಿದೆ. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಹೊಸ ಸೆನ್ಸರ್ ತಂದು ಹಾಕಿದೆ. (ಬಹಳಷ್ಟು ಕಾರುಗಳಲ್ಲಿ ಅದರ ಕೆಳಗೆ ವಾಲ್ವ್ ಇರುತ್ತದೆ, ಗ್ಯಾಸ್ ತೆಗೆಯಬೇಕಿಲ್ಲ. ಬಿಚ್ಚುವ ಮೊದಲು ಖಾತ್ರಿ ಮಾಡಿಕೊಳ್ಳಿ.) ಮತ್ತೆ 0532.

ಆ ತಂತಿ ಪರೀಕ್ಷೆ ಒಂದು ಜಾಗವನ್ನು ಮುಟ್ಟುವುದೇ ಇಲ್ಲ: ಕನೆಕ್ಟರ್‌ನ ಪಿನ್ನು ಸೆನ್ಸರ್‌ನ ಪಿನ್ನು ಕೂಡುವ ಜಾಗ. ತಂತಿಯನ್ನೋ ಪ್ರೋಬನ್ನೋ ಒತ್ತಿ ತುರುಕಿದಾಗ ಸಡಿಲ ಪಿನ್ನಿಗೂ ತಾಗುತ್ತದೆ. ಸೆನ್ಸರ್‌ನ ಪಿನ್ ಸುಮ್ನೆ ಒಳಗೆ ನಿಂತಿರುತ್ತದೆ, ತಾಗುವುದಿಲ್ಲ. ಕನೆಕ್ಟರ್ ಹಾಕಿದಾಗ ಮಾತ್ರ ಇರುವ ತೊಂದರೆಯನ್ನು ನಾನು ಕನೆಕ್ಟರ್ ಬಿಚ್ಚಿ ಹುಡುಕುತ್ತಿದ್ದೆ.

ಹಿಡಿಯುವ ವಿಧಾನ ಸುಲಭ. ಅದೇ ಅಳತೆಯ ಬಿಡಿ ಪಿನ್ ಒಂದನ್ನು ಮೂರೂ ತೂತಿಗೆ ಹಾಕಿ ಎಳೆದು ನೋಡಿ. ಎರಡು ಕಡೆ ಬಿಗಿಯಾಗಿ ಹಿಡಿಯಿತು. 5 ವೋಲ್ಟಿನ ತೂತಿನಲ್ಲಿ ಬೆಣ್ಣೆಯಲ್ಲಿ ಎಳೆದ ಹಾಗೆ ಜಾರಿ ಬಂತು, ತುದಿಗೆ ಹಸಿರು ಕಿಲುಬಿನ ಪುಡಿ ಅಂಟಿತ್ತು. ಹಿಂದೆ ಯಾರೋ ದಪ್ಪ ಪ್ರೋಬ್ ತುರುಕಿ ಅಗಲ ಮಾಡಿರಬೇಕು. ಬೈಯೋಣ ಅಂದರೆ ನಾನೂ ಈಗ ತಾನೇ ಅದನ್ನೇ ಮಾಡಿದ್ದೆ.

ಆ ಒಂದು ಪಿನ್ ಬದಲಿಸಿ, ಕೋಡ್ ಅಳಿಸಿ, ಸ್ವಿಚ್ ಒತ್ತಿದೆ. ಟಕ್. ಆಮೇಲೆ ಅನುಮಾನಕ್ಕೆ ಹಳೆಯ ಸೆನ್ಸರನ್ನೇ ಮತ್ತೆ ಹಾಕಿದೆ. ಅದಕ್ಕೂ ಟಕ್.