ಟೋನ್ ಎಷ್ಟಿವೆ ಅಂತ ಕೇಳಬೇಡಿ, ಕೀ ಒತ್ತಿ ನೋಡಿ

"ಮಗಳಿಗೆ ಪಿಯಾನೋ ಕೊಡಿಸೀವಿ ಮೇಡಂ, ಐನೂರು ಟೋನ್ ಅದಾವ" ಅಂತ ಪಾಲಕರು ಖುಷಿಯಿಂದ ಹೇಳುತ್ತಾರೆ. ಟೋನ್ ಅಂದರೆ ಅದರಲ್ಲಿ ತುಂಬಿಟ್ಟ ಬೇರೆ ಬೇರೆ ವಾದ್ಯಗಳ ದನಿ. ಹೋಗಿ ನೋಡಿದರೆ 61 ಕೀಗಳ ಹಗುರ ಕೀಬೋರ್ಡ್. ಕಲಬುರಗಿಯಲ್ಲಿ ಪಿಯಾನೋ ಕಲಿಸುವ ನನಗೆ ಇದು ತಪ್ಪದ ಸಂಕಟ. ದುಡ್ಡು ಕೊಟ್ಟಾಗಿರುತ್ತದೆ, ಮಗು ಎದುರಿಗೇ ನಿಂತಿರುತ್ತದೆ. ಏನಂತ ಹೇಳೋದು?

ಪಿಯಾನೋಗೆ 88 ಕೀ. ಆದರೆ ನಾನು ಗಂಟಲು ಹರಿದುಕೊಳ್ಳುವುದು ಲೆಕ್ಕಕ್ಕಲ್ಲ, ಭಾರಕ್ಕೆ. ಅಸಲಿ ಪಿಯಾನೋದಲ್ಲಿ ಕೀ ಒತ್ತಿದಾಗ ಒಳಗೆ ಉಣ್ಣೆ ಹೊದಿಸಿದ ಮರದ ಸುತ್ತಿಗೆ ಎದ್ದು ತಂತಿಗೆ ಬಡಿಯುತ್ತದೆ. ಬೆರಳಿಗೆ ತಾಗುವುದು ಆ ಸುತ್ತಿಗೆಯ ಭಾರ. ಮೆಲ್ಲಗೆ ಒತ್ತಿದರೆ ಮೆಲುದನಿ. ತೀರಾ ನಿಧಾನಕ್ಕೆ ಒತ್ತಿದರೆ ದನಿಯೇ ಇಲ್ಲ. ಒಳ್ಳೆ ಡಿಜಿಟಲ್ ಪಿಯಾನೋದಲ್ಲಿ ತಂತಿ ಇರುವುದಿಲ್ಲ, ಆದರೆ ಕೀ ಹಿಂದೆ ಭಾರ ಇರುತ್ತದೆ. ಕೀ ಎಷ್ಟು ಬೇಗ ಇಳಿಯಿತು ಅಂತ ಸೆನ್ಸರ್ ಅಳೆಯುತ್ತದೆ, ಅದಕ್ಕೆ ತಕ್ಕ ದನಿ ಬರುತ್ತದೆ. ಹಗುರ ಕೀಬೋರ್ಡಿನಲ್ಲಿ ಇರುವುದು ಬರೀ ಸ್ಪ್ರಿಂಗ್.

ನನ್ನ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲಿ ಅಂಥದ್ದರಲ್ಲೇ ವರ್ಷಗಟ್ಟಲೆ ರಿಯಾಜ್ ಮಾಡಿದ್ದಳು. ಕ್ರಿಸ್‌ಮಸ್ಸಿಗೆ ಚರ್ಚಿನ ಹಳೇ ಪಿಯಾನೋ ಮುಂದೆ ಕೂತಳು. ನಡುನಡುವೆ ಸ್ವರಗಳೇ ಮಾಯ. ಉಂಗುರದ ಬೆರಳು, ಕಿರುಬೆರಳಿಗೆ ಬಲ ಸಾಲಲಿಲ್ಲ. "ನಂಗ ಬರಂಗಿಲ್ಲ ಮೇಡಂ" ಅಂತ ಅತ್ತುಬಿಟ್ಟಳು. ಅಷ್ಟು ಕಷ್ಟಪಟ್ಟ ಮಗು! ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಅಸಲಿ ಪಿಯಾನೋನೇ ತರೋದಾ? ತನ್ನಿ, ಆ ದನಿಗೆ ಸಾಟಿಯಿಲ್ಲ. ಆದರೆ ನಮ್ಮೂರ ಹವೆ ನೆನಪಿರಲಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಒಣ ಬಿಸಿಲಿಗೆ ಒಳಗಿನ ಮರದ ಹಲಗೆ ಕುಗ್ಗಿ ಶ್ರುತಿ ಇಳಿಯುತ್ತದೆ. ಮಳೆಗಾಲದಲ್ಲಿ ಉಬ್ಬಿ ಏರುತ್ತದೆ. ಸುಮಾರು 230 ತಂತಿಗಳಿಗೆ ವರ್ಷಕ್ಕೆ ಎರಡು ಸಲವಾದರೂ ಟ್ಯೂನಿಂಗ್ ಆಗಬೇಕು. ನೀರಿನ ಕೂಲರ್ ಹಚ್ಚುವ ಕೋಣೆಯಲ್ಲಂತೂ ಇಡಲೇಬೇಡಿ. ಇಷ್ಟು ಆರೈಕೆ ಆಗದ ಮನೆಗೆ ಭಾರದ ಕೀಗಳ ಡಿಜಿಟಲ್ಲೇ ಮೇಲು ಅಂತ ನನಗನ್ನಿಸುತ್ತದೆ. ಪಿಯಾನೋ ಪರೀಕ್ಷೆಗಳಲ್ಲಿ ದೊಡ್ಡ ಗ್ರೇಡ್ ಮುಟ್ಟಿದವರ ಮಾತು ಬೇರೆ, ಅವರಿಗೆ ಆಗಾಗ ಅಸಲಿ ಪಿಯಾನೋ ಸಿಗಲೇಬೇಕು.

ಅಂಗಡಿಯಲ್ಲಿ ಮೊದಲು ಸ್ವಿಚ್ ಆಫ್ ಮಾಡಿಸಿ. ಇಲ್ಲದಿದ್ದರೆ ದನಿಗೇ ಮರುಳಾಗುತ್ತೀರಿ. ಎಡತುದಿಯ ಕೀ ಒತ್ತಿ, ಆಮೇಲೆ ಬಲತುದಿಯದು. ಎಡಗಡೆಯದು ತುಸು ಜಾಸ್ತಿ ಭಾರ ಅನ್ನಿಸಿದರೆ ಒಳ್ಳೆಯದು. ಎರಡೂ ಹಗುರಾಗಿ ಪುಟಿದರೆ ವಾಪಸ್ ಬನ್ನಿ. ದುಡ್ಡು ಕಮ್ಮಿಯಿದ್ದರೆ ಇನ್ನಾರು ತಿಂಗಳು ಕೂಡಿಡಿ. ಅಲ್ಲಿಯವರೆಗೆ ಮಗು ನಮ್ಮ ಕ್ಲಾಸಿನ ಪಿಯಾನೋದಲ್ಲೇ ನುಡಿಸಲಿ.