ಜೆಂಟೂನಲ್ಲಿ ಬೈನರಿ ಬ್ಯಾಕಪ್: ಪೋರ್ಟೇಜ್ ಏಳದಿದ್ದಾಗಲೂ ಬಿಚ್ಚಲು ಬರುವ ಪೊಟ್ಟಣ

ಜೆಂಟೂ ಎಂಬ ಲಿನಕ್ಸ್ ವಿತರಣೆಯಲ್ಲಿ ಸಾಮಾನ್ಯವಾಗಿ ಎಲ್ಲವೂ ನಮ್ಮ ಯಂತ್ರದಲ್ಲೇ ಕಂಪೈಲ್ ಆಗುತ್ತದೆ. ಇದರ ತೊಡಕು ಏನೆಂದರೆ, ರಿಪೇರಿಗೆ ಬೇಕಾದ ಉಪಕರಣವೇ ಕೆಟ್ಟು ಕೂರಬಹುದು. ಜಿಸಿಸಿ ಕೆಟ್ಟರೆ ಹೊಸ ಜಿಸಿಸಿ ಕಟ್ಟಲು ಕಂಪೈಲರ್ ಇಲ್ಲ. ಪೈಥಾನ್ ಹೋದರೆ ಪ್ಯಾಕೇಜು ಸ್ಥಾಪಿಸುವ ಇಮರ್ಜ್ ಆದೇಶ ಏಳುವುದೇ ಇಲ್ಲ, ಏಕೆಂದರೆ ಅದು ಸೇರಿರುವ ಪ್ಯಾಕೇಜು ನಿರ್ವಾಹಕ ಪೋರ್ಟೇಜ್ ಬರೆದಿರುವುದು ಪೈಥಾನ್‌ನಲ್ಲಿ. ಬಹುತೇಕ ಪ್ರೋಗ್ರಾಂಗಳು ಆಧರಿಸುವ ಸಿ ಲೈಬ್ರರಿ ಗ್ಲಿಬ್‌ಸಿ ಕೆಟ್ಟರಂತೂ ಕಡತಗಳ ಪಟ್ಟಿ ತೋರಿಸುವ ಎಲ್‌ಎಸ್ ಕೂಡ ಓಡದು. ಬೈನರಿ ಪೊಟ್ಟಣ, ಅಂದರೆ ಆಗಲೇ ಕಂಪೈಲ್ ಆದ ಕಡತಗಳ ಕಟ್ಟು, ಕಂಪೈಲ್ ಸಮಯ ಉಳಿಸುತ್ತದೆ ನಿಜ, ಆದರೆ ಅದರ ನಿಜವಾದ ಬೆಲೆ ಗೊತ್ತಾಗುವುದು ಇಂಥ ದಿನ.

ಪೊಟ್ಟಣ ಮಾಡಲು ಎರಡು ದಾರಿ. ಪೋರ್ಟೇಜ್‌ನ ಸೆಟ್ಟಿಂಗ್ ಇರುವ ಮೇಕ್.ಕಾನ್ಫ್ ಕಡತದ ಫೀಚರ್ಸ್ ಸಾಲಿಗೆ ಬಿಲ್ಡ್‌ಪಿಕೆಜಿ ಸೇರಿಸಿದರೆ ಪ್ರತಿ ಕಂಪೈಲ್‌ನ ಜೊತೆಗೇ ಒಂದು ಪ್ರತಿ /ವಾರ್/ಕ್ಯಾಶ್/ಬಿನ್‌ಪಿಕೆಜಿಎಸ್ ಒಳಗೆ ಬೀಳುತ್ತದೆ. ಕರ್ನಲ್ ಸೋರ್ಸ್, ತನ್ನದೇ ಕಡತವಿಲ್ಲದ ವರ್ಚುಯಲ್, ಹೆಸರಿನ ಕೊನೆಗೆ ಬಿನ್ ಇರುವ ಪ್ಯಾಕೇಜುಗಳನ್ನು ಬಿಲ್ಡ್‌ಪಿಕೆಜಿ-ಎಕ್ಸ್‌ಕ್ಲೂಡ್ ಆಯ್ಕೆಯಿಂದ ಹೊರಗಿಡಿ, ಸುಮ್ಮನೆ ಜಾಗ ತಿನ್ನುತ್ತವೆ. ಈಗಾಗಲೇ ಸ್ಥಾಪಿತವಾಗಿರುವುದಕ್ಕೆ ಕ್ವಿಕ್‌ಪಿಕೆಜಿ ಸಾಕು: ಕಂಪೈಲ್ ಇಲ್ಲದೆ ಡಿಸ್ಕಿನಲ್ಲಿರುವ ಕಡತಗಳನ್ನೇ ಕಟ್ಟುತ್ತದೆ. ಕಡತ ಆಗಲೇ ಹಾಳಾಗಿದ್ದರೆ ಹಾಳಾದದ್ದನ್ನೇ ಕಟ್ಟುತ್ತದೆ ಎಂಬುದೂ ನೆನಪಿರಲಿ. ಇನ್ನೊಂದು ವಿಷಯ, /ಇಟಿಸಿ ಒಳಗಿನ ಸಂರಚನಾ ಕಡತಗಳನ್ನು ಅದು ತಾನಾಗಿ ಸೇರಿಸುವುದಿಲ್ಲ. ಅವುಗಳಲ್ಲಿ ಪಾಸ್‌ವರ್ಡ್ ಇರಬಹುದಲ್ಲ. ಬೇಕೇ ಬೇಕೆಂದರೆ ಇನ್‌ಕ್ಲೂಡ್-ಕಾನ್ಫಿಗ್ ಆಯ್ಕೆಗೆ ವೈ ಕೊಡಬೇಕು. ಫೀಚರ್ಸ್‌ನಲ್ಲಿ ಅನ್‌ಮರ್ಜ್-ಬ್ಯಾಕಪ್ ಹಾಕಿದ್ದರೆ ಪ್ಯಾಕೇಜು ತೆಗೆಯುವ ಮೊದಲು ಪೋರ್ಟೇಜೇ ಕ್ವಿಕ್‌ಪಿಕೆಜಿಯನ್ನು ಕರೆಯುತ್ತದೆ.

ಫೀಚರ್ಸ್‌ನಲ್ಲಿ ಬಿನ್‌ಪಿಕೆಜಿ-ಮಲ್ಟಿ-ಇನ್‌ಸ್ಟನ್ಸ್ ಇದೆಯೇ ನೋಡಿ. ಇದ್ದರೆ ಕಡತದ ಹೆಸರಿಗೆ 1, 2 ಎಂದು ಬಿಲ್ಡ್ ಸಂಖ್ಯೆ ಸೇರಿ ಹಳೆಯದೂ ಉಳಿಯುತ್ತದೆ. ಇಲ್ಲದಿದ್ದರೆ ಅದೇ ಆವೃತ್ತಿಯನ್ನು ತಪ್ಪು ಸಿಫ್ಲಾಗ್ಸ್ (ಕಂಪೈಲರ್ ಆಯ್ಕೆಗಳು) ಹಾಕಿ ಮತ್ತೆ ಕಟ್ಟಿದ ಕೂಡಲೇ ಒಳ್ಳೆಯ ಪ್ರತಿ ಅಳಿದು ಕೆಟ್ಟದ್ದು ಕೂರುತ್ತದೆ. ಇನ್ನು ಹಳೆಯ ಪೊಟ್ಟಣ ಅಳಿಸುವ ಇಕ್ಲೀನ್-ಪಿಕೆಜಿಗೆ ಡೀಪ್ ಆಯ್ಕೆ ಕೊಡುವಾಗ ಕೈ ತಡೆಯಿರಿ: ಈಗ ಸ್ಥಾಪಿತವಾಗಿರುವ ಆವೃತ್ತಿಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಅದು ಗುಡಿಸಿಹಾಕುತ್ತದೆ, ಅಂದರೆ ಹಿಂದಕ್ಕೆ ಹೋಗಲು ಇಟ್ಟುಕೊಂಡ ಪ್ರತಿಗಳನ್ನೇ. ಟೈಮ್-ಲಿಮಿಟ್ 4ಡಬ್ಲ್ಯೂ ಎಂದು ಸೇರಿಸಿದರೆ ಕಳೆದ 4 ವಾರಗಳವು ಉಳಿಯುತ್ತವೆ.

ಮರಳಿ ಹಾಕುವಾಗ ಇಮರ್ಜ್‌ಗೆ ಕೊಡುವ ಸಣ್ಣ ಕೆ, ದೊಡ್ಡ ಕೆ ಆಯ್ಕೆಗಳ ಗೊಂದಲ ಬೇಡ. ಸಣ್ಣ ಕೆ ಪೊಟ್ಟಣ ಹೊಂದಿದರೆ ಬಳಸುತ್ತದೆ, ಹೊಂದದಿದ್ದರೆ ಕಂಪೈಲ್‌ಗೆ ಇಳಿಯುತ್ತದೆ. ಕಂಪೈಲರ್ ಕೆಟ್ಟ ದಿನ ಅದು ಉಪಯೋಗಕ್ಕಿಲ್ಲ. ದೊಡ್ಡ ಕೆ ಪೊಟ್ಟಣವನ್ನಷ್ಟೇ ಬಳಸುತ್ತದೆ. ಆದರೆ ಪೊಟ್ಟಣದ ಯೂಸ್ ಫ್ಲಾಗ್‌ಗಳು (ಪ್ಯಾಕೇಜಿನ ಯಾವ ಸೌಲಭ್ಯ ಬೇಕು, ಯಾವುದು ಬೇಡ ಎಂಬ ಆಯ್ಕೆಗಳು) ಈಗಿನವಕ್ಕೆ ಹೊಂದುತ್ತವೆಯೇ ಎಂದು ತಾನಾಗಿ ನೋಡುವುದಿಲ್ಲ. ಹಳೆಯ ಪೊಟ್ಟಣ ಹಳೆಯ ಲೈಬ್ರರಿಗೆ ಅಂಟಿಕೊಂಡಿರುತ್ತದೆ ಎಂಬುದೂ ಇದೆ. ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ 75ನೇ ಆವೃತ್ತಿಗೆ ಲಿಂಕ್ ಆದ ಪ್ರೋಗ್ರಾಂ 76 ಮಾತ್ರ ಇರುವಲ್ಲಿ ಓಡದು. ಒಂದನ್ನು ಹಿಂದಕ್ಕೆ ಎಳೆದರೆ ಅದರ ಜೋಡಿಯನ್ನೂ ಎಳೆಯಬೇಕು. ಕಟ್ಟುವ ಯಂತ್ರದ ಸಿಪಿಯುಗೇ ಹೊಂದಿಸುವ ಮಾರ್ಚ್=ನೇಟಿವ್ ಹಾಕಿ ಕಟ್ಟಿದ್ದನ್ನು ಹಳೆಯ ಸಿಪಿಯು ಇರುವ ಯಂತ್ರಕ್ಕೆ ಒಯ್ದರೆ "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಎಂದು ಸಾಯಬಹುದು.

ಈಗ ಕಷ್ಟದ ಭಾಗ: ಇಮರ್ಜೇ ಇಲ್ಲ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ರೂಟ್ ವಿಭಾಗವನ್ನು /ಎಂಎನ್‌ಟಿ/ಜೆಂಟೂ ಮೇಲೆ ಮೌಂಟ್ ಮಾಡಿ. ಜಿಪಿಕೆಜಿ (ಪೋರ್ಟೇಜ್‌ನ ಬೈನರಿ ಪೊಟ್ಟಣದ ನಮೂನೆ) ಪೊಟ್ಟಣದ ಹೊರಗಿನದು ಕುಗ್ಗಿಸದ ಸಾದಾ ಟಾರ್ ಕಟ್ಟು. ಅದನ್ನು ತಾತ್ಕಾಲಿಕ ಡೈರೆಕ್ಟರಿಯಲ್ಲಿ ಬಿಚ್ಚಿದರೆ ಜಿಪಿಕೆಜಿ-1 ಎಂಬ ಗುರುತಿನ ಕಡತ, ಮೆಟಾಡೇಟಾ, ಇಮೇಜ್, ಮ್ಯಾನಿಫೆಸ್ಟ್ ಸಿಗುತ್ತವೆ. ನಮಗೆ ಬೇಕಾದದ್ದು ಇಮೇಜ್ ಟಾರ್. ಅದರೊಳಗಿನ ದಾರಿಗಳೆಲ್ಲ ಇಮೇಜ್/ ಎಂದು ಶುರುವಾಗುವುದರಿಂದ ಸ್ಟ್ರಿಪ್-ಕಾಂಪೊನೆಂಟ್ಸ್=1 ಕೊಟ್ಟು /ಎಂಎನ್‌ಟಿ/ಜೆಂಟೂ ಒಳಗೆ ಬಿಚ್ಚಬೇಕು. ಇನ್ನೆರಡು ಆಯ್ಕೆ ಮರೆತರೆ ರಿಪೇರಿಯೇ ಹೊಸ ರೋಗ. ಒಂದು, ಇಮೇಜ್/ಇಟಿಸಿ ಹೊರಗಿಡುವ ಎಕ್ಸ್‌ಕ್ಲೂಡ್. ಇಲ್ಲಿ ಪೋರ್ಟೇಜ್‌ನ ಕಾವಲಿಲ್ಲ, ಟಾರ್ ನಿಮ್ಮ ಸಂರಚನೆಯ ಮೇಲೆಯೇ ಬರೆದುಬಿಡುತ್ತದೆ. ಎರಡು, ಕೀಪ್-ಡೈರೆಕ್ಟರಿ-ಸಿಮ್‌ಲಿಂಕ್. ಮರ್ಜ್ಡ್-ಯುಎಸ್‌ಆರ್ ವ್ಯವಸ್ಥೆಯಲ್ಲಿ /ಲಿಬ್64 ಎಂಬುದು ಬರೀ ಸಿಮ್‌ಲಿಂಕ್ (/ಯುಎಸ್‌ಆರ್ ಒಳಗಿನ ಡೈರೆಕ್ಟರಿಯತ್ತ ತೋರುವ ಕೊಂಡಿ). ಪೊಟ್ಟಣದಲ್ಲಿ ಅದೇ ಹೆಸರಿನ ಡೈರೆಕ್ಟರಿ ಇದ್ದರೆ ಗ್ನೂ ಟಾರ್ ಸಿಮ್‌ಲಿಂಕ್ ಕಿತ್ತು ನಿಜವಾದ ಡೈರೆಕ್ಟರಿ ಮಾಡುತ್ತದೆ, ಅರ್ಧ ಲೈಬ್ರರಿಗಳು ಕಾಣೆಯಾಗುತ್ತವೆ.

ಇಮೇಜ್ ಟಾರ್ ಬಿಚ್ಚಲು ಝೆಡ್‌ಸ್ಟ್ಯಾಂಡರ್ಡ್ ಎಂಬ ಕುಗ್ಗಿಸುವ ಉಪಕರಣ ಬೇಕು, ಅದೇ ಕೆಟ್ಟಿದ್ದರೆ? ಹಾಗಾಗಿ ಗ್ಲಿಬ್‌ಸಿ, ಜಿಸಿಸಿ, ಬೈನ್‌ಯುಟಿಲ್ಸ್, ಪೈಥಾನ್, ಪೋರ್ಟೇಜ್, ಬ್ಯಾಶ್, ಕೋರ್‌ಯುಟಿಲ್ಸ್, ಟಾರ್, ಓಪನ್‌ಎಸ್‌ಎಸ್‌ಎಲ್ ಇಷ್ಟನ್ನು ಬಿನ್‌ಪಿಕೆಜಿ_ಕಂಪ್ರೆಸ್=ಜಿಝಿಪ್ ಎಂದು ಇಟ್ಟು ಕ್ವಿಕ್‌ಪಿಕೆಜಿಯಲ್ಲಿ ಪ್ರತ್ಯೇಕವಾಗಿ ಕಟ್ಟಿ ಬೇರೆ ಡಿಸ್ಕಿನಲ್ಲಿಡುವುದು ಜಾಣತನ. ಜಿಝಿಪ್ ಆದರೆ, ಹಲವು ಉಪಕರಣಗಳು ಒಂದೇ ಕಡತದಲ್ಲಿರುವ ಬಿಝಿಬಾಕ್ಸ್ ಒಂದೇ ಬಿಚ್ಚಿಕೊಡುತ್ತದೆ. ಬಿಝಿಬಾಕ್ಸ್‌ಗೆ ಸ್ಟ್ಯಾಟಿಕ್ ಯೂಸ್ ಫ್ಲಾಗ್ ಇರಲಿ, ಆಗ ಗ್ಲಿಬ್‌ಸಿ ಕೆಟ್ಟರೂ ಅದು ಓಡುತ್ತದೆ.

ಗ್ಲಿಬ್‌ಸಿ ಮಟ್ಟಿಗೆ ಮಾತ್ರ ಒಂದು ಎಚ್ಚರ: ಅದೇ ಆವೃತ್ತಿಯ ಪೊಟ್ಟಣ ಬೇಕು. ಹಳೆಯ ಆವೃತ್ತಿಗೆ ಇಳಿಯಲು ಅದರ ಇಬಿಲ್ಡ್ (ಸ್ಥಾಪನೆಯ ಸ್ಕ್ರಿಪ್ಟ್) ಒಪ್ಪುವುದಿಲ್ಲ, ಏಕೆಂದರೆ ಹೊಸದಕ್ಕೆ ಲಿಂಕ್ ಆದ ಪ್ರೋಗ್ರಾಂಗಳು ಒಡೆಯುತ್ತವೆ. ಕೈಯಿಂದ ಬಿಚ್ಚಿದ್ದು /ವಾರ್/ಡಿಬಿ/ಪಿಕೆಜಿ ದಾಖಲೆಗೆ ಸೇರಿರುವುದಿಲ್ಲ. ಆದ್ದರಿಂದ ಕ್ರೂಟ್ (/ಎಂಎನ್‌ಟಿ/ಜೆಂಟೂವನ್ನೇ ರೂಟ್ ಆಗಿಸುವ ಆದೇಶ) ಒಳಗೆ ಹೋಗಿ, ಲೈಬ್ರರಿಗಳ ಪಟ್ಟಿಯನ್ನು ಹೊಸದಾಗಿಸುವ ಎಲ್‌ಡಿಕಾನ್ಫಿಗ್ ಓಡಿಸಿ, ಇಮರ್ಜ್ ಎದ್ದ ಮೇಲೆ ಅದೇ ಪೊಟ್ಟಣವನ್ನು ಒನ್‌ಶಾಟ್ (ನೀವೇ ಆರಿಸಿದ ಪ್ಯಾಕೇಜುಗಳ ಪಟ್ಟಿಗೆ ಸೇರಿಸದ ಆಯ್ಕೆ) ಜೊತೆ ದೊಡ್ಡ ಕೆ ಹಾಕಿ ಇನ್ನೊಮ್ಮೆ ಸ್ಥಾಪಿಸಿ.